ಓಟಿಪಿ ಕೇಳಿದ ಬಾಗಿನ

ಯಶ್ವಂತನ ತಲೆಗೆ ಕೋರ್ಟಿನ ಹುಳ ಬಿಟ್ಟಿದ್ದು ಮೊಬೈಲಿಗೆ ಬಂದ ಒಂದು ವಿಡಿಯೊ. ಅದರಲ್ಲಿ ಟೈ ಕಟ್ಟಿದ್ದವನೊಬ್ಬ ಹೇಳುತ್ತಿದ್ದ: "ದಡ್ಡ ಬ್ರೋಕರು ಟು-ಲೆಟ್ ಬೋರ್ಡ್ ನೋಡ್ಕೊಂಡು ಅಲೀತಾನೆ. ಜಾಣ ಕೋರ್ಟ್ ವೆಬ್‌ಸೈಟ್ ನೋಡ್ತಾನೆ. ಅಣ್ಣ ತಮ್ಮಂದ್ರು ಎಲ್ಲಿ ಕಿತ್ತಾಡ್ತಿರ್ತಾರೋ ಅಲ್ಲಿ ಸೈಟು ಅಗ್ಗ. ದಾಖಲೆ ಎಲ್ಲಾ ಪಬ್ಲಿಕ್ಕು, ಯಾರು ಬೇಕಾದ್ರೂ ನೋಡ್ಬೋದು."

ಗೋವಿಂದರಾಜನಗರದಲ್ಲಿ ಬಾಡಿಗೆ ಮನೆ ತೋರಿಸಿಕೊಂಡು ಓಡಾಡುತ್ತಿದ್ದ ಯಶ್ವಂತನಿಗೆ ಜಾಣನಾಗುವ ಅರ್ಜೆಂಟು ಇತ್ತು. ಅವನ ಭಾವಮೈದುನ ಶಶಿಕುಮಾರ ಕೆಂಗೇರಿ ಉಪನಗರದಲ್ಲಿ ಪ್ಲೈವುಡ್ ಅಂಗಡಿ ಇಟ್ಟಿದ್ದ. ಅಂಗಡಿಯಲ್ಲಿ ಕೆಲಸ, ಅಂಗಡಿಯ ಮೇಲೆ ವಾಸಕ್ಕೆ ಎರಡು ರೂಮು, ಎರಡನ್ನೂ ಭಾವನಿಗೆಂದೇ ಹಿಡಿದಿಟ್ಟಿದ್ದ. ಇವತ್ತು ಸಂಜೆಯೊಳಗೆ ಹೂಂ ಅನ್ನದಿದ್ದರೆ ರೂಮು ಬೇರೆಯವರಿಗೆ ಕೊಡುತ್ತೇನೆ ಅಂದಿದ್ದ. ಭಾವಮೈದುನ ಕೆಳಗಿನಿಂದ "ಭಾವಾ" ಎಂದು ಕೂಗಿದಾಗಲೆಲ್ಲ ಲುಂಗಿ ಸರಿಮಾಡಿಕೊಂಡು ಮೆಟ್ಟಿಲಿಳಿಯುವುದನ್ನು ನೆನೆಸಿಕೊಂಡು ಯಶ್ವಂತ ಆ ವಿಡಿಯೊವನ್ನು ಇನ್ನೊಂದು ಸಲ ನೋಡಿದ.

ಹೆಂಡತಿ ರಂಜಿನಿಗೂ ಈಗಿನ ಮನೆ ಬಿಡಲು ಮನಸ್ಸಿರಲಿಲ್ಲ. ಇವರು ಬಾಡಿಗೆಗೆ ಬಂದ ಹೊಸತರಲ್ಲಿ ಓನರ್ ನಾರಾಯಣಪ್ಪನವರು ಒಂದು ಸಲ ಬಾಡಿಗೆ ಏರಿಸಿದ್ದೇ ಕೊನೆ, ಆಮೇಲೆ ಆ ಮಾತೇ ಎತ್ತಿರಲಿಲ್ಲ. ಸಜ್ಜಾ ಸೋರುತ್ತಿದೆ ಅಂದರೂ, ಗೋಡೆಗೆ ಮೊಳೆ ಹೊಡೀಲಾ ಅಂತ ಕೇಳಿದರೂ ಅವರದು ಒಂದೇ ಉತ್ತರ: "ಏನೂ ಮುಟ್ಬೇಡಿ. ಹೆಂಗಿದೆಯೋ ಹಂಗೇ ಇರ್ಲಿ." ದೇವರಂಥ ಮನುಷ್ಯ ಎಂದು ಗಂಡ ಹೆಂಡತಿ ಇಬ್ಬರೂ ಕೈಮುಗಿಯುತ್ತಿದ್ದರು.

"ಇವತ್ತೊಂದು ದಿನ ತಡ್ಕೋ," ಎಂದ ಯಶ್ವಂತ, ಮೊಬೈಲನ್ನು ಹೆಂಡತಿಯ ಮುಖಕ್ಕೆ ಹಿಡಿದು. "ನೋಡು, ಚಿಕ್ಕಗಂಗಮ್ಮ ವಿರುದ್ಧ ಬೆಟ್ಟಯ್ಯ ಮತ್ತು ಇತರರು. ತಂಗಿ ಅಣ್ಣಂದ್ರ ಮೇಲೆ ಹಾಕಿರೋ ಪಾಲಿನ ಕೇಸು. ಪಾಲಾಗ್ಬೇಕಿರೋ ಆಸ್ತಿ ಪಟ್ಟಿ ಇಲ್ಲಿದೆ. ಎ ಷೆಡ್ಯೂಲ್, ಶ್ರೀಗಂಧದ ಕಾವಲಲ್ಲಿ ಖಾಲಿ ಸೈಟು. ಇದನ್ನ ಮಾರ್ಸಿದ್ರೆ ನಿನ್ ತಮ್ಮನ ಅಂಗಡಿಗೆ ನಾನು ಗಿರಾಕಿಯಾಗಿ ಹೋಗ್ತೀನಿ."

"ಕೆಳಗೆ ಇನ್ನೂ ಏನೋ ಬರ್ದಿದೆಯಲ್ರೀ?"

"ಅದು ಬಿ ಷೆಡ್ಯೂಲು, ಇನ್ನೊಂದು ಯಾವ್ದೋ ಆಸ್ತಿ. ಖಾಲಿ ಸೈಟ್ ಸಿಕ್ಕಿರೋವಾಗ ಅದ್ನೆಲ್ಲ ಯಾರು ಓದ್ತಾರೆ?"

ಬಿಳಿ ಅಂಗಿ ತೊಟ್ಟು, ಕಂಕುಳಲ್ಲಿ ಫೈಲು ಇಟ್ಟುಕೊಂಡು ಅವನು ಶ್ರೀಗಂಧದ ಕಾವಲಿಗೆ ಹೋದ. ಕೇಸಿನಲ್ಲಿದ್ದ ವಿಳಾಸದ ಮನೆಯ ಜಗಲಿಯಲ್ಲಿ ಒಬ್ಬ ಹೆಂಗಸು ರಾಗಿ ಕೇರುತ್ತಿದ್ದರು.

"ಚಿಕ್ಕಗಂಗಮ್ಮ ಅಂದ್ರೆ ನೀವೇನಾ?"

ಆಕೆ ಫೈಲು ನೋಡಿದರು. "ಅವ್ರು ಊರಲ್ಲಿಲ್ಲ."

"ಯಾವಾಗ ಬರ್ತಾರೆ?"

"ಬರಲ್ಲ."

ಪಕ್ಕದ ಕಾಂಪೌಂಡಿನ ಮೇಲೆ ಒಂದು ತಲೆ ಎದ್ದಿತು. ಅದು ಬೀದಿಯ ಸುದ್ದಿಯನ್ನೆಲ್ಲ ನೋಡಿಕೊಳ್ಳುವ ವೆಂಕಟಲಕ್ಷ್ಮಮ್ಮನವರದು. "ಚಿಕ್ಕಗಂಗಮ್ಮ, ಯಾರೇ ಅದು? ನೋಟೀಸ್ ತರೋ ಕೋರ್ಟ್ ಅಮೀನನಾ?"

ಊರಲ್ಲಿಲ್ಲದ ಚಿಕ್ಕಗಂಗಮ್ಮ ನಾಲಿಗೆ ಕಚ್ಚಿಕೊಂಡರು. ಕೇಸು ಹಾಕಿದ್ದು ತಾನೇ ಆದರೂ ಫೈಲು ಹಿಡಿದವನು ಪೂರ್ತಿ ಹೆಸರು ಕೇಳಿದರೆ ಈ ಕಡೆಯವರು ಮೊದಲು ಇಲ್ಲ ಅಂದುಬಿಡುತ್ತಾರೆ. ಯಶ್ವಂತ ತಾನು ಅಮೀನನಲ್ಲ, ಸೈಟು ಮಾರಿಸಿಕೊಡುವವನು ಎಂದು ನಂಬಿಸುವ ಹೊತ್ತಿಗೆ ಅಂಗಿ ಬೆನ್ನಿಗೆ ಅಂಟಿತ್ತು.

"ಸೈಟಿಗೋಸ್ಕರ ಕೇಸು ಹಾಕ್ದೆ ಅಂದ್ಕೊಂಡ್ಯೇನಪ್ಪ?" ಅಂದರು ಚಿಕ್ಕಗಂಗಮ್ಮ. "ಕೊರೊನಾ ವರ್ಷ ನಮ್ಮ ದೊಡ್ಡಣ್ಣ ಗೌರಿ ಹಬ್ಬದ ಬಾಗಿನಾನ ಪಾರ್ಸಲ್ ಹುಡುಗನ ಕೈಲಿ ಕಳ್ಸಿದ. ಆ ಹುಡುಗ ಗೇಟಲ್ಲಿ ನಿಂತ್ಕೊಂಡು ಓಟಿಪಿ ಹೇಳಿ ಅಂತಾನೆ. ತವರಿಂದ ಬರೋ ಬಾಗಿನಕ್ಕೆ ಓಟಿಪಿ."

"ಹೇಳಿದ್ರಾ?"

"ಯಾಕೆ ಹೇಳ್ಲಿ? ಬಾಗಿನ ವಾಪಸ್ ಹೋಯ್ತು. ನಾನು ಲಾಯರ್ ಹತ್ರ ಹೋದೆ."

ಎರಡು ಬೀದಿ ಆಚೆ ಬೆಟ್ಟಯ್ಯನವರ ಮನೆ. ಅವರು ಇನ್ನೊಂದು ಕಡೆಯಿಂದ ಬೆಂದಿದ್ದರು. "ನಮ್ಮನೇಲಿ ಆಗ ಎಲ್ರಿಗೂ ಜ್ವರ ಕಣಪ್ಪ. ಅದಕ್ಕೇ ಕಳ್ಸಿದ್ದು. ತವರಿನ ಬಾಗಿನ ವಾಪಸ್ ಕಳ್ಸಿರೋ ಹೆಣ್ಮಗಳ್ನ ಎಲ್ಲಾದ್ರೂ ಕಂಡಿದೀಯಾ? ಅವಳೇ ಬರ್ಲಿ."

"ಅವನೇ ಬರ್ಲಿ," ಅಂದರು ಚಿಕ್ಕಗಂಗಮ್ಮ.

ಎರಡು ಮನೆಗಳ ನಡುವೆ ಓಡಾಡಿ ಯಶ್ವಂತನ ಸ್ಕೂಟರು ಪೆಟ್ರೋಲು ಮುಗಿಸಿಕೊಂಡು ನಿಂತಿತು. ಅದನ್ನು ತಳ್ಳಿಕೊಂಡು ಹೋಗುವಾಗ ಒಂದು ಉಪಾಯ ಹೊಳೆಯಿತು. ರಂಜಿನಿ ದೀಪಾವಳಿ ಸೀರೆಗೆಂದು ಅವನ ಕೈಯಲ್ಲಿ ಇಟ್ಟಿದ್ದ ದುಡ್ಡು ಜೇಬಿನಲ್ಲಿತ್ತು. ಅದರಲ್ಲೇ ಮೊರದ ಜೋಡಿ, ಹಸಿರು ಬಳೆ, ಅರಿಶಿನ ಕುಂಕುಮ, ಕಾಯಿ, ಬೆಲ್ಲ, ಒಂದು ಸೀರೆ ಎಲ್ಲ ಕೊಂಡ. ಬೆಟ್ಟಯ್ಯನವರ ಮುಂದೆ ಇಟ್ಟು ಒಂದು ಸುಳ್ಳನ್ನೂ ಹೇಳಿದ.

"ಪ್ರತಿ ಗೌರಿ ಹಬ್ಬಕ್ಕೂ ನಿಮ್ ತಂಗಿ ಗೇಟ್ ನೋಡ್ತಾ ಕೂತಿರ್ತಾರಂತೆ. ಬೀದಿಯವ್ರೇ ಹೇಳಿದ್ರು."

ಬೆಟ್ಟಯ್ಯ ಮೊರದೊಳಗಿನ ಬಳೆಗಳನ್ನು ಒಂದೊಂದಾಗಿ ಸರಿಮಾಡಿಟ್ಟರು. ಆಮೇಲೆ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಎದ್ದರು.

ಬಾಗಿನ ಹಿಡಿದು ಗೇಟಿಗೆ ಬಂದ ಅಣ್ಣನನ್ನು ನೋಡಿ ಚಿಕ್ಕಗಂಗಮ್ಮ ಗೇಟಿನ ಚಿಲಕ ಹಿಡಿದುಕೊಂಡರು, ತೆಗೆಯಲಿಲ್ಲ. ಕಾಂಪೌಂಡಿನ ಮೇಲಿನ ತಲೆಯೇ ಮಾತಾಡಿತು: "ಒಳಗೆ ಕರ್ಯೇ. ವರ್ಷಾ ವರ್ಷಾ ಹಬ್ಬದ ದಿನ ಗೇಟ್ ನೋಡ್ಕೊಂಡು ಕೂತಿರ್ತೀಯಲ್ಲ, ಈಗ ಬಂದಿದಾನೆ." ತಾನು ಹೇಳಿದ ಸುಳ್ಳು ನಿಜವಾಗಿದ್ದು ಕಂಡು ಯಶ್ವಂತನಿಗೇ ಮೈ ಜುಮ್ಮೆಂದಿತು.

"ಓಟಿಪಿ ಬೇಡ್ವಾ?" ಅಂದರು ಚಿಕ್ಕಗಂಗಮ್ಮ.

"ಬಾಗ್ಲು ತೆಗಿ ಸಾಕು," ಅಂದರು ಬೆಟ್ಟಯ್ಯ.

ಇಬ್ಬರೂ ನಕ್ಕರು, ಅತ್ತರು. ಯಶ್ವಂತನೂ ಕಣ್ಣೊರೆಸಿಕೊಂಡ, ಒರೆಸಿಕೊಳ್ಳುತ್ತಲೇ ಕಮಿಷನ್ ಲೆಕ್ಕ ಹಾಕಿದ. ಒಳಗೆ ಮುದ್ದೆಗೆ ಎಸರಿಟ್ಟರು. ಬೆಟ್ಟಯ್ಯ ತಮ್ಮನಿಗೆ ಫೋನು ಮಾಡಿ, "ಒಬ್ಬ ಪುಣ್ಯಾತ್ಮ ನಮ್ಮನ್ನ ಒಂದು ಮಾಡ್ಬಿಟ್ಟ ಕಣೋ, ತಕ್ಷಣ ಬಾ," ಎಂದರು.

ಊಟಕ್ಕೆ ಕೂರುವ ಹೊತ್ತಿಗೆ ತಮ್ಮ ಬಂದರು. ಅವರನ್ನು ಕಂಡು ಯಶ್ವಂತ ಎದ್ದೇ ನಿಂತ. ದೇವರಂಥ ನಾರಾಯಣಪ್ಪನವರು.

"ಸಾರ್, ಮತ್ತು ಇತರರು ಅಂದ್ರೆ ನೀವಾ?"

"ಆ ಪುಣ್ಯಾತ್ಮ ನೀವಾ ಯಶ್ವಂತ್?" ನಾರಾಯಣಪ್ಪ ಅವನ ಎರಡೂ ಕೈ ಹಿಡಿದುಕೊಂಡರು.

ಇನ್ನೇನು, ಸ್ವಂತ ಓನರೇ ಸೈಟಿನ ಪಾಲುದಾರ ಎಂದು ಯಶ್ವಂತ ಹಿಗ್ಗಿಹೋದ. "ಹಂಗಾದ್ರೆ ಸಾರ್, ಸೈಟಿಗೆ ಒಳ್ಳೇ ಪಾರ್ಟಿ..."

"ಸೈಟ್ ಯಾಕ್ರೀ ಮಾರೋದು? ಅದು ತಂಗಿಗೆ. ನೀವಿರೋ ಮನೆ ನಂಗೂ ಅಣ್ಣಂಗೂ. ಕೇಸು ನಾಳೇನೇ ವಾಪಸ್," ಎಂದರು ನಾರಾಯಣಪ್ಪ. "ಇಷ್ಟು ವರ್ಷ ಕೈ ಕಟ್ಟಾಕಿತ್ತು ಕಣ್ರೀ. ನಿಮ್ಮನೆ ಬಿ ಷೆಡ್ಯೂಲು. ಹೆಂಗಿದೆಯೋ ಹಂಗೇ ಇರ್ಬೇಕು ಅಂತ ಕೋರ್ಟ್ ಆರ್ಡರು. ಬಾಡಿಗೆ ಏರ್ಸಂಗಿಲ್ಲ, ಬಿಡ್ಸಂಗಿಲ್ಲ, ಒಂದು ಮೊಳೆ ಹೊಡ್ಸಂಗಿಲ್ಲ. ಈಗ ಒಡೆದು ಮೂರು ಫ್ಲೋರ್ ಎತ್ತೋಣ. ಮುಂದಿನ ತಿಂಗ್ಳು ಖಾಲಿ ಮಾಡ್ಕೊಟ್ಬಿಡಿ. ನಿಮಗೇನು ಬಿಡಿ, ಬ್ರೋಕರ್ರು, ಮನೆ ಸಿಗೋದು ಕಷ್ಟನಾ?"

ಯಶ್ವಂತ ಬಡಿಸಿದ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಹೊರಡುವಾಗ ಚಿಕ್ಕಗಂಗಮ್ಮ ಬಾಗಿನದಿಂದ ಒಂದು ತೆಂಗಿನಕಾಯಿ ತೆಗೆದು ಅವನ ಕೈಗಿಟ್ಟು, "ಹೊಸ ಮನೆಗೆ ಹೋಗ್ತಾ ಇದೀಯಲ್ಲಪ್ಪ, ಒಳ್ಳೇದಾಗ್ಲಿ," ಎಂದು ಹರಸಿದರು. ಅವನೇ ಚೌಕಾಸಿ ಮಾಡಿ ತಂದ ಕಾಯಿ ಅದು.

ಸಂಜೆ ಮನೆಗೆ ಬಂದಾಗ ರಂಜಿನಿ ಬಾಗಿಲಲ್ಲೇ ಕಾಯುತ್ತಿದ್ದಳು. ಮುಖ ಅರಳಿತ್ತು. ಯಶ್ವಂತ ತೆಂಗಿನಕಾಯಿ ಕೊಟ್ಟ, ಚಪ್ಪಲಿ ಬಿಟ್ಟ, ಮಾನವನ್ನೂ ಅಲ್ಲೇ ಬಿಟ್ಟ.

"ರಂಜಿನಿ, ನಿನ್ ತಮ್ಮಂಗೆ ಒಂದು ಫೋನ್ ಮಾಡು. ಆ ರೂಮು..."

"ಆಗ್ಲೇ ಮಾಡಾಯ್ತು," ಎಂದಳು ರಂಜಿನಿ. "ನೀವು ಬೆಳಿಗ್ಗೆ ಅಷ್ಟು ಧೈರ್ಯವಾಗಿ ಹೊರಟ್ರಲ್ಲ, ನಮ್ಮೆಜಮಾನ್ರಿಗೆ ನಿನ್ ರೂಮು ಬೇಕಾಗಿಲ್ಲ, ಯಾರಿಗಾದ್ರೂ ಕೊಟ್ಬಿಡು ಅಂದ್ಬಿಟ್ಟೆ. ಮಧ್ಯಾಹ್ನಾನೇ ಅಡ್ವಾನ್ಸ್ ತಗೊಂಡ್ನಂತೆ. ಮದ್ವೆಯಾದಾಗಿಂದ ಮೊದಲ್ನೇ ಸಲ ನಿಮ್ಮನ್ನ ಪೂರ್ತಿ ನಂಬ್ದೆ ಕಣ್ರೀ."