ಎಲ್ಲ ತಂತಿಯೂ ಒಂದೇ ನುಣುಪು

ಎಲ್ಲಕ್ಕೂ ಕಾರಣ ಸಹಪಾಠಿಯ ಉಪಕಾರ ಬುದ್ಧಿ.

ಹಲ್ಲು ಸಾಲು ಮಾಡಲು ಬಾಯಿಗೆ ಹಾಕುವ ತಂತಿಗಳಲ್ಲಿ ಯಾವುದು ಹೆಚ್ಚು ಒರಟು ಎಂದು ಅಳೆಯುವುದು ಕಿರಿಯ ಡಾಕ್ಟರನ ಪ್ರಬಂಧದ ವಿಷಯ. ತಂತಿ ಒರಟಾದರೆ ಹಲ್ಲು ಜರುಗದೆ ಮೊಂಡು ಎಮ್ಮೆಯಂತೆ ನಿಂತಲ್ಲೇ ನಿಲ್ಲುತ್ತದೆ. ತಂತಿಯ ತುಂಡುಗಳನ್ನು ಗಾಜಿಗೆ ಅಂಟಿಸಿ, ಯಂತ್ರದ ಸೂಜಿಯನ್ನು ಅವುಗಳ ಮೇಲೆ ಎಳೆಯಬೇಕು. ಅಂದು ಸಂಜೆಯೊಳಗೆ ಪ್ರಬಂಧ ಒಪ್ಪಿಸದಿದ್ದರೆ ಇನ್ನೊಂದು ವರ್ಷ ಇಲ್ಲೇ ಕೊಳೆಯಬೇಕು. ಅಷ್ಟು ಕಾಯುವ ವ್ಯವಧಾನ ಅವನು ಮದುವೆಯಾಗಬೇಕಾದ ಹುಡುಗಿಯ ಅಪ್ಪನಿಗಿರಲಿಲ್ಲ.

"ಅಂಟಿಗೂ ಜಿಪುಣತನ ಮಾಡ್ತೀಯಲ್ಲೋ," ಎಂದು ಸಹಪಾಠಿ ಟ್ಯೂಬು ಕಸಿದು ಧಾರಾಳವಾಗಿ ಹಿಂಡಿದಳು. ಕೇಳದ ಸಲಹೆ ಕೊಡುವುದರಲ್ಲಿ ಅವಳು ಆಗಲೇ ಪ್ರೊಫೆಸರ್. ತಂತಿಯ ಜೊತೆ ಅವನ ಹೆಬ್ಬೆರಳೂ ಗಾಜಿಗೆ ಅಂಟಿತು. ಬಿಡಿಸುವಾಗ ಒಂದಿಷ್ಟು ಚರ್ಮ ಹೋಯಿತು; ಟ್ಯೂಬಿನ ಮುಚ್ಚಳ ಎಲ್ಲಿ ಉರುಳಿತೋ ಸಿಗಲೇ ಇಲ್ಲ.

ದುಬಾರಿ ತಂತಿ, ಅಗ್ಗದ ತಂತಿ, ಎರಡಕ್ಕೂ ಯಂತ್ರ ಒಂದೇ ಅಂಕಿ ತೋರಿಸಿತು.

"ನಾನು ಅವತ್ತೇ ಹೇಳಿರಲಿಲ್ವಾ?" ಎಂದು ವಿಭಾಗದ ಮುಖ್ಯಸ್ಥರಾದ ದೊಡ್ಡ ಡಾಕ್ಟರು ಬೀಗಿದರು. ಅಗ್ಗದ ತಂತಿಯೂ ಅಷ್ಟೇ ನುಣುಪು ಎಂದು ಪ್ರಾಯದಲ್ಲಿ ಬರೆದ ಒಂದೇ ಒಂದು ಪ್ರಬಂಧವನ್ನು ಕಂಡ ಕಂಡ ಸಭೆಗಳಲ್ಲಿ ಓದಿ, ಕೋಣೆಯ ಗೋಡೆ ಕಾಣದಂತೆ ಸನ್ಮಾನದ ಫಲಕ ತೂಗುಹಾಕಿದ್ದವರು ಅವರು. ಅಂದಿನಿಂದ ಆಸ್ಪತ್ರೆಯಲ್ಲಿ ಎಲ್ಲರ ಬಾಯಿಗೂ ಅದೇ ತಂತಿ. ರೋಗಿಗಳ ಕೂದಲು ನೆರೆಯುತ್ತಿತ್ತು, ಹಲ್ಲು ನೆಟ್ಟಗಾಗುತ್ತಿರಲಿಲ್ಲ.

ಪ್ರಬಂಧಕ್ಕೆ ಫೋಟೋ ತೆಗೆಯಲು ಕಿರಿಯ ಡಾಕ್ಟರ್ ತಂತಿಯನ್ನು ಮಸೂರದಡಿ ಇಟ್ಟ. ತಂತಿಯ ಮೇಲೆ ಗಾಜಿನಂಥ ಪೊರೆ. ಪೊರೆಯೊಳಗೆ ಸಹಪಾಠಿಯ ಕೂದಲು ಸುಖವಾಗಿ ಮಲಗಿತ್ತು. ಸೂಜಿ ಇಷ್ಟು ಹೊತ್ತು ಓಡಿದ್ದು ಅಂಟಿನ ಮೇಲೆ. ಹೊಸ ತುಂಡಿಗೆ ತುದಿಯಲ್ಲಷ್ಟೇ ಅಂಟು ಹಾಕಿ ಅಳೆದರೆ, ಅಗ್ಗದ ತಂತಿ ಗರಗಸವನ್ನೂ ನಾಚಿಸುವಂತಿತ್ತು.

"ಸುಮ್ನೆ ಸಹಿ ಹಾಕಿಸ್ಕೊಳ್ಳೋ," ಎಂದಳು ಸಹಪಾಠಿ. "ಸತ್ಯ ಹೇಳಿ ಯಾರ ಹಲ್ಲು ನೆಟ್ಟಗಾಗಿದೆ?"

ಅವನು ದೊಡ್ಡ ಡಾಕ್ಟರ ಕೋಣೆಗೆ ಹೋಗಿ ಹೇಳಿದ. ಪ್ರಾಮಾಣಿಕತೆಯಿಂದೇನೂ ಅಲ್ಲ, ಹೊರಗಿನ ಪರೀಕ್ಷಕರಿಗೆ ಆ ಕೂದಲು ಕಂಡುಬಿಟ್ಟರೆ ಎಂಬ ಪುಕ್ಕಲುತನದಿಂದ.

ದೊಡ್ಡ ಡಾಕ್ಟರು ಸಹಿಗೆಂದು ತೆರೆದ ಪೆನ್ನಿನ ಮುಚ್ಚಳ ಹಾಕಿದರು. ಆಮೇಲೆ, "ಯಾವ ಅಂಟಪ್ಪಾ?" ಎಂದರು.

ಅವನು ಟ್ಯೂಬನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲೇ ಅಂಗೈ ಊರಿ ನಿಂತ. ಅವರು ಹಳೆಯ ಸ್ನೇಹಿತನ ಮುಖ ನೋಡುವಂತೆ ಅದನ್ನು ನೋಡಿ, ಗೋಡೆಯ ಫಲಕಗಳ ಕಡೆ ಕಣ್ಣು ಹಾಯಿಸಿದರು.

"ನಾವೂ ಇದನ್ನೇ ಬಳಸ್ತಿದ್ವಿ," ಎಂದವರೇ ಎದ್ದು ಬಾಗಿಲು ಮುಚ್ಚಿ ಬಂದರು. "ನೋಡಪ್ಪ, ತಂತಿ ವಿಷಯ ಇನ್ನು ಯಾರೂ ಮುಟ್ಟೋದು ಬೇಡ. ನೀನು ಅಂಟುಗಳ ನುಣುಪಿನ ಮೇಲೆ ಬರಿ. ಹೊಸ ವಿಷಯ. ಒಂದು ವರ್ಷದಲ್ಲಿ ಮುಗಿಯುತ್ತೆ."

"ಸರ್, ಆದ್ರೆ ಮದುವೆ..."

"ಅಂಟು ಅಳೆಯೋ ಕೆಲಸ ಅರ್ಧ ಆಗ್ಲೇ ಮುಗಿಸಿದ್ದೀಯಲ್ಲ."

ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಹುಡುಗಿಯ ಅಪ್ಪನೇ ಇರಬೇಕು. ತೆಗೆಯಲೆಂದು ಕೈ ಎಳೆದ. ಕೈ ಬರಲಿಲ್ಲ. ಮುಚ್ಚಳವಿಲ್ಲದ ಟ್ಯೂಬು ಮೇಜಿನ ಮೇಲೆ ಸದ್ದಿಲ್ಲದೆ ಸೋರಿ ಅವನ ಅಂಗೈಯಡಿ ಹರಡಿ, ತುಂಬ ನುಣುಪಾಗಿ ಒಣಗಿತ್ತು.