ಕಚ್ಚಿದ ಹಣ್ಣು, ಕರಿ ಪರದೆ

ಒಂದೇ ಕಡೆ ಕೂತು ನೌಕರಿ ಮಾಡುವವರಿಗೆ ಇಂಥವು ಆಗುವುದಿಲ್ಲ. ನನಗೆ ಬಸ್ಸಿಳಿದಲ್ಲೆಲ್ಲ ಆಗುತ್ತವೆ. ಕೂಡ್ರುವುದು ನನ್ನ ಜಾತಕದಲ್ಲೇ ಇಲ್ಲ. ಕಠ್ಮಂಡು ಸುತ್ತಿ, ಮಸ್ಕತ್ತಿನಲ್ಲಿ ಎರಡು ವರ್ಷ ಇದ್ದು ಬಂದವಳು, ತೊಂಬತ್ತರ ದಶಕದ ಶುರುವಿನಲ್ಲಿ ಮಸ್ಕಿ ಬಸ್ಸಿಗೆ ಕಾಯುತ್ತ ನಿಂತಿದ್ದೆ, ಕಂಪ್ಯೂಟರ್ ಮಾರಲಿಕ್ಕೆ.

ನಮ್ಮ ಅಂಗಡಿಯಲ್ಲಿ ಎರಡು ಜಾತಿಯ ಕಂಪ್ಯೂಟರ್ ಇದ್ದವು. ಒಂದು ಕರಿ ಪರದೆಯದು. ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆದು ಹುಕುಂ ಕೊಡಬೇಕು. ಇನ್ನೊಂದು ಕಚ್ಚಿದ ಹಣ್ಣಿನ ಗುರುತಿನದು. ಪರದೆಯ ಮೇಲೆ ಚಿತ್ರ, ಕೈಯಲ್ಲಿ ಮೌಸು. ಸಾಹೇಬರು ಹೇಳಿದ್ದರು: "ಈ ಸೀಜನ್ನಿನೊಳಗೆ ಎರಡಾದರೂ ಹೋಗಬೇಕು. ಇಲ್ಲಾಂದ್ರೆ ನಿಮಗೆ ತಿರುಗಾಟ ಬಿಡಿಸಿ ಆಫೀಸಿನಲ್ಲಿ, ಫ್ಯಾನಿನ ಕೆಳಗೆ ಕುರ್ಚಿ ಹಾಕಿಸ್ತೀನಿ." ಬೇರೆಯವರಿಗೆ ಅದು ಬಡ್ತಿ. ನನಗೆ ರಾತ್ರಿಯೆಲ್ಲ ಆ ಫ್ಯಾನು ತಲೆಯೊಳಗೆ ತಿರುಗಿತು.

ಬೈಯುವ ಮಷೀನು

ಮೊದಲು ಲಿಂಗಸುಗೂರಿನ ಟೈಪಿಂಗ್ ಮಾಸ್ತರು. ತೋರಿಸಲಿಕ್ಕೆ ಎರಡೂ ಮಷೀನು ಒಯ್ದಿದ್ದೆ. ಶಿಷ್ಯೆಯರೆಲ್ಲ ಸುತ್ತ ನಿಂತಿದ್ದರು. ಮಾಸ್ತರು ಕರಿ ಪರದೆಯ ಮುಂದೆ ಕೂತು, ಹತ್ತೂ ಬೆರಳಿನಲ್ಲಿ ಚಂದಾಗಿ ಏನೋ ಹೊಡೆದರು. ಪರದೆಯ ಮೇಲೆ ಬಂತು: ಬ್ಯಾಡ್ ಕಮಾಂಡ್.

ಮಾಸ್ತರ ಮುಖ ಕೆಂಪಾಯಿತು. "ಬ್ಯಾಡ್ ಅಂತ ಯಾರಿಗೆ ಅನ್ನಾಕತ್ತೈತ್ರೀ ಅದು?"

"ನಿಮಗಲ್ರೀ ಸರ, ನೀವು ಕೊಟ್ಟ ಹುಕುಂಗೆ."

"ಹುಕುಂ ಕೊಟ್ಟಾವ ನಾನಽ ಅಲ್ಲೇನ್ರೀ?"

ಹುಡುಗಿಯರು ಸೆರಗು ಬಾಯಿಗಿಟ್ಟುಕೊಂಡರು. ನಾನು ಅವಸರದಲ್ಲಿ ಹಣ್ಣಿನ ಗುರುತಿನದನ್ನು ಮುಂದೆ ಸರಿಸಿದೆ. ಮಾಸ್ತರು ಮೌಸು ಹಿಡಿದು ಆಚೆ ಈಚೆ ಎಳೆದು, ಕೈ ಕೊಡವಿ ಎದ್ದರು. "ಒಂದು ಬೈತೈತಿ. ಇನ್ನೊಂದು ಒಂಬತ್ತು ಬೆರಳಿಗೆ ಸೂಟಿ ಕೊಡ್ತೈತಿ. ಹತ್ತು ಬೆರಳು ಕಲಸಾವ್ರು ನಾವು. ಒಂದು ಬೆರಳಿನ ವಿದ್ಯಾ ಅಂದ್ರ ಮನೀಗಂಟಿ ಒತ್ತೋದು, ಅದನ್ನ ಯಾರರ ಕಲೀತಾರ ಬಿಡ್ರಿ."

ಅವ ಏನು ತಗೊಂಡಾನ?

ಸಿಂಧನೂರಿನಲ್ಲೊಂದು ಪ್ರೆಸ್ಸು, ಮಸ್ಕಿಯಲ್ಲೊಂದು. ಎರಡರಲ್ಲೂ ಲಗ್ನಪತ್ರಿಕೆಯದೇ ದಂಧೆ. ಮಾಲೀಕರಿಬ್ಬರೂ ಷಡ್ಡಕರು, ಅಕ್ಕ ತಂಗಿಯರನ್ನು ಮಾಡಿಕೊಂಡವರು. ಅಲ್ಲಿಗೇ ತಿಳಿಯಿತಲ್ಲ.

ಸಿಂಧನೂರಿನವರು ಕೇಳಿದರು: "ಮಸ್ಕಿಯಾವ ಯಾವುದು ತಗೊಂಡಾನ್ರೀ?"

"ಇನ್ನಾ ತಗೊಂಡಿಲ್ರೀ."

"ಅವ ತಗೊಳ್ಲಿ ತಡೀರಿ. ಚಲೋ ಬಂದ್ರ ನಾನೂ ಅದಽ ತಗೊಂತೀನಿ. ಕೆಟ್ಟದ್ದು ಬಂದ್ರ ನಕ್ಕು, ಇನ್ನೊಂದು ತಗೊಂತೀನಿ."

ಮಸ್ಕಿಗೆ ಹೋದೆ. ಅಲ್ಲೂ ಅಕ್ಷರ ಬಿಡದೆ ಇದೇ ಮಾತು, ಸಿಂಧನೂರಿನವನ ಹೆಸರಿನಲ್ಲಿ. ಮರಳಿ ಸಿಂಧನೂರು. ಮತ್ತೆ ಮಸ್ಕಿ. ನಾಲ್ಕನೇ ಸಲ ಟಿಕೆಟ್ ಹರಿಯುತ್ತ ಕಂಡಕ್ಟರು ಕನಿಕರದಿಂದ ಹೇಳಿದ: "ಅಕ್ಕಾರ, ಎರಡೂ ಊರು ಚಲೋನಽ ಅದಾವ. ಯಾವುದರ ಒಂದು ಆರಿಸ್ಕೊಂಡ್ಬಿಡ್ರಿ."

ಕಡೆಗೆ ಮಸ್ಕಿಯವರು ಹಣ್ಣಿನ ಗುರುತಿಗೆ ಸೋತರು. ಅಚ್ಚಿನ ಮೊಳೆ ಜೋಡಿಸುವಾಗ ಸದಾ ಉದುರಿಹೋಗುತ್ತಿದ್ದ ಒತ್ತಕ್ಷರ ಪರದೆಯ ಮೇಲೆ ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂತಿದ್ದನ್ನು ನೋಡಿ ಅವರ ಕಣ್ಣು ತುಂಬಿತು. ಒಂದು ಹೋಯಿತು. ಇನ್ನೊಂದು ಹೋದರೆ ಕುರ್ಚಿ ತಪ್ಪಿತು.

ಎಂಜಲು

ಸುದ್ದಿ ಕೇಳಿದ ದಿನವೇ ಸಿಂಧನೂರಿನವರು "ನಮಗೂ ಅದಽ" ಅಂದರು. ಮಷೀನು ಬಂತು, ಪೂಜೆಗೆ ಇಟ್ಟರು. ಅವರ ತಾಯಿ ಆರತಿ ತಟ್ಟೆ ಹಿಡಿದು ಬಂದು, ಬಗ್ಗಿ ನೋಡಿ, ತಟ್ಟೆ ಕೆಳಗಿಟ್ಟರು.

"ಯವ್ವಾ, ಈ ಹಣ್ಣು ಯಾರು ಕಡದಾರ?"

"ಅದು ಕಂಪನಿ ಗುರುತು ಅವ್ವಾರ."

"ಕಂಪನಿಯಾವ್ರು ತಿಂದ್ರೂ ಎಂಜಲು ಎಂಜಲಽ. ಎಂಜಲ ಹಣ್ಣಿನ ಮಷೀನಿನಾಗ ಲಗ್ನಪತ್ರಿಕಿ ಹೊಡದ್ರ ಮದಿವಿ ಉಳೀತಾವೇನು? ಒಯ್ಯಿ ಇದನ್ನ."

ಮಗ ನನ್ನ ಮುಖ ನೋಡಿದರು. ನನಗೆ ಫ್ಯಾನಿನ ಸಪ್ಪಳ ಕೇಳಿಸತೊಡಗಿತು. ಬಟ್ಟಲಲ್ಲಿದ್ದ ಅರಿಷಿಣ ಕಲಸಿ, ಬೆರಳ ತುದಿಯಲ್ಲಿ ಆ ಕಚ್ಚಿದ ಜಾಗವನ್ನು ತುಂಬಿ ದುಂಡಗೆ ಮಾಡಿದೆ. ಅವ್ವಾರು ಕನ್ನಡಕ ಏರಿಸಿ ಪರೀಕ್ಷೆ ಮಾಡಿ, "ಹ್ಞೂಂ, ಈಗ ಇಡೀ ಹಣ್ಣಾತು" ಎಂದು ಆರತಿ ಎತ್ತಿದರು.

ಅಷ್ಟರಲ್ಲಿ ಮಸ್ಕಿಯ ಷಡ್ಡಕರು ಬಂದರು. ಪೇಡೆ ಬಾಯಿಗೆ ಹಾಕಿಕೊಂಡವರು ಮಷೀನಿನ ಗುರುತು ನೋಡಿ ಅಗಿಯುವುದನ್ನೇ ನಿಲ್ಲಿಸಿದರು.

"ಅಕ್ಕಾರ, ಇದೇನ್ರೀ? ಇವಗ ಇಡೀ ಹಣ್ಣು, ನನಗ ತಿಂದು ಬಿಟ್ಟದ್ದು? ನಾ ಎಲ್ಲಾರದೂ ಹಂಗಽ ಇರ್ತೈತಿ ಅಂತ ಸುಮ್ಮನಿದ್ದೆ. ನನ್ನದು ನಾಳೆನಽ ವಾಪಸ್ ಒಯ್ರಿ!"

ಅರಿಷಿಣದ ವಿಷಯ ಹೇಳಿದರೆ ಅವ್ವಾರ ಮುಂದೆ ಎಂಜಲು ಮತ್ತೆ ಎಂಜಲಾಗುತ್ತದೆ. ಹೇಳದಿದ್ದರೆ ಮಸ್ಕಿಯದು ಮರಳಿ ಬರುತ್ತದೆ. ಎರಡು ಕಡೆಗೂ ಕುರ್ಚಿ. ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ:

"ಸಿಟ್ಟಾಗಬ್ಯಾಡ್ರೀ. ನಿಮ್ಮದು ರುಚಿ ನೋಡಿ, ಸಿಹಿ ಐತಿ ಅಂತ ಖಾತ್ರಿ ಮಾಡಿ ಕಳಿಸಿದ್ದು. ಇವರದು ಇನ್ನಾ ಯಾರೂ ನೋಡಿಲ್ಲ."

ಮಸ್ಕಿಯವರ ಮೀಸೆ ಮೆಲ್ಲಗೆ ಮೇಲೇರಿತು. ಪೇಡೆ ಮತ್ತೆ ಅಗಿಯತೊಡಗಿದರು. ಈಗ ಸಿಂಧನೂರಿನವರ ಮುಖ ಇಳಿಯಿತು. "ಹಂಗಾದ್ರ ನಮ್ಮದು ಹುಳಿ ಬಂದ್ರ ಏನು ಗತಿ ಅಕ್ಕಾರ?"

ಅವ್ವಾರು ತಟ್ಟನೆ ಎದ್ದರು. ಸೆರಗಿನ ತುದಿ ಬಾಯಲ್ಲಿ ಒದ್ದೆ ಮಾಡಿಕೊಂಡು, ಅರಿಷಿಣವನ್ನು ಗಸಗಸ ಒರೆಸಿ ತೆಗೆದು, ಮಸ್ಕಿಯವರ ಕಡೆ ತಿರುಗಿ ಎದೆಯೆತ್ತಿ ಹೇಳಿದರು:

"ಕಣ್ಣು ಬಿಟ್ಟು ನೋಡಪಾ. ನಮ್ಮದೂ ಎಂಜಲಽ ಐತಿ!"