ಹುಳು ಮನೆಯ ನಿದ್ದೆ

ಚನ್ನರಾಯಪ್ಪನ ಕಷ್ಟಕ್ಕೆಲ್ಲ ಒಂದು ಸೂಜಿಯೇ ಕಾರಣ. ಸೂಜಿ ಎಂದರೆ ಹೆದರುವಂಥದ್ದೇನಲ್ಲ. ಪೆನ್ನಿನಂತಿರುವ ಒಂದು ಸಾಮಾನು, ಅದರ ತುದಿಯಲ್ಲಿ ಕಂಡೂ ಕಾಣದಷ್ಟು ಸಣ್ಣ ಮೊನೆ. ಪ್ರತಿ ಶನಿವಾರ ಹೊಟ್ಟೆಯ ಮಡಿಕೆಯನ್ನು ಎರಡು ಬೆರಳಲ್ಲಿ ಹಿಡಿದು ಚುಚ್ಚಿಕೊಳ್ಳಬೇಕು. ಸಕ್ಕರೆ ಕಾಯಿಲೆಗೆಂದು ಮುಳಬಾಗಿಲಿನ ಡಾಕ್ಟರು ಬರೆದುಕೊಟ್ಟದ್ದು. ಮೂರು ತಿಂಗಳಲ್ಲಿ ಸಕ್ಕರೆ ಇಳಿಯಿತು, ತೂಕ ಏಳು ಕಿಲೋ ಇಳಿಯಿತು, ಹಿಡಿದುಕೊಳ್ಳಲು ಹೊಟ್ಟೆಯಿಲ್ಲದೆ ಪಂಚೆಯೂ ಇಳಿಯತೊಡಗಿತು. ಸಂತೋಷಪಟ್ಟ ಡಾಕ್ಟರು ಡೋಸನ್ನು ಒಂದೊಂದೇ ಮೆಟ್ಟಿಲು ಏರಿಸುತ್ತಾ ಹೋದರು. ಏರಿಸಿದಾಗಲೆಲ್ಲ ಎರಡು ದಿನ ಊಟ ಬೇಡ, ಮಾತು ಬೇಡ, ಬರೀ ನಿದ್ದೆ.

ಅದು ನಿಮ್ಮ ನಮ್ಮಂಥವರ ನಿದ್ದೆಯಲ್ಲ. ಎಮ್ಮೆ ಕೆರೆಗೆ ಇಳಿಯುವುದನ್ನು ನೋಡಿದ್ದೀರಲ್ಲ, ಅವಸರವಿಲ್ಲದೆ, ಪೂರ್ತಿಯಾಗಿ, ಮೂಗೊಂದನ್ನು ಮೇಲಿಟ್ಟುಕೊಂಡು. ಚನ್ನರಾಯಪ್ಪ ನಿದ್ದೆಗೆ ಇಳಿಯುತ್ತಿದ್ದದ್ದು ಹಾಗೆ.

ಬೈರಕೂರಿನ ಪಕ್ಕದ ಹಳ್ಳಿಯಲ್ಲಿ ರೇಷ್ಮೆ ಹುಳು ಸಾಕುವವನಿಗೆ ಇಂಥ ನಿದ್ದೆ ಒಳ್ಳೆಯದಲ್ಲ. ಹಿಂದಿನ ಬೆಳೆಯಲ್ಲಿ ಡೋಸ್ ಏರಿಸಿದ ಮಾರನೆಯ ದಿನವೇ, ರ‍್ಯಾಕಿನ ಕಾಲಡಿಯ ಬಟ್ಟಲುಗಳಿಗೆ ನೀರು ಹಾಕುವುದನ್ನು ಮರೆತು ಮಲಗಿದ್ದ. ಇರುವೆಗಳು ಮೆರವಣಿಗೆಯಲ್ಲಿ ಹತ್ತಿ ಅರ್ಧ ಬೆಳೆಯನ್ನು ಮುಗಿಸಿದ್ದವು. ಹೆಂಡತಿ ವೆಂಕಟರತ್ನಮ್ಮ ಅವತ್ತು ಬೈಯಲಿಲ್ಲ, ಅಳಲಿಲ್ಲ. ಟೇಕಲ್ಲಿನಿಂದ ತಮ್ಮನನ್ನು ಕರೆಸಿದಳು, ಅಷ್ಟೆ.

ತಮ್ಮ ಕೋದಂಡರಾಮಪ್ಪ ಜೀವನದಲ್ಲಿ ಒಂದು ಹುಳುವನ್ನೂ ಸಾಕಿದವನಲ್ಲ. ಆದರೆ ಮೂರು ದಿನದ ರೇಷ್ಮೆ ತರಬೇತಿಗೆ ಹೋಗಿ ಸರ್ಟಿಫಿಕೇಟ್ ತಂದಿದ್ದ. ಅದಕ್ಕಿಂತ ಹೆಚ್ಚಾಗಿ ಅವನಿಗೆ ಮಾತಿತ್ತು. ಟೇಕಲ್ ಸ್ಟೇಷನ್ನಿನಲ್ಲಿ ನಿಲ್ಲದೆ ಹೋಗುವ ಎಕ್ಸ್‌ಪ್ರೆಸ್ ರೈಲಿನಂಥ ಮಾತು. ಹತ್ತಲೂ ಆಗದು, ಇಳಿಯಲೂ ಆಗದು. ಆ ಸಲ ಬಂದವನು ನಾಲ್ಕು ದಿನ ಇದ್ದು, ಬಾವ ಯಾಕೆ ತಪ್ಪು ಮಾಡಿದ ಎಂಬುದನ್ನು ಬಾವನಿಗೇ ನಾಲ್ಕು ದಿನ ವಿವರಿಸಿದ. ಐದನೆಯ ದಿನ ಅವನು ಬಸ್ಸು ಹತ್ತಿದಾಗ ಚನ್ನರಾಯಪ್ಪನಿಗೆ ಕಿವಿಯಲ್ಲಿ ತಂಗಾಳಿ ಹೊಕ್ಕಂತಾಗಿತ್ತು.

ಈಗ ಮತ್ತೊಂದು ಬೆಳೆ. ಮತ್ತೊಂದು ಡೋಸ್ ಏರಿಕೆ. ಅದರ ಮೇಲೆ, ಸೋಮವಾರ ಶ್ರೀನಿವಾಸಪುರದಲ್ಲಿ ವೆಂಕಟರತ್ನಮ್ಮನ ತಂಗಿಯ ಮಗಳ ಸೀಮಂತ.

"ಹುಳ ಕೊನೇ ಪೊರೆ ಬಿಟ್ಟು ಇವತ್ತಿಗೆ ಆರು ದಿನ," ಎಂದಳು ಅವಳು ಸೋಮವಾರ ಬೆಳಿಗ್ಗೆ, ರೇಷ್ಮೆ ಸೀರೆಯ ನೆರಿಗೆ ಸರಿಮಾಡುತ್ತಾ. "ಹಣ್ಣಾಗಿ ಗೂಡು ಕಟ್ಟೋಕೆ ಶುರು ಮಾಡೋದು ನಾಳೆ ಬೆಳಿಗ್ಗೆ. ಅಷ್ಟೊತ್ತಿಗೆ ನಾನಿರ್ತೀನಿ. ನೀವು ಹತ್ತು ಗಂಟೆಗೊಂದು ಸಲ, ಮೂರು ಗಂಟೆಗೊಂದು ಸಲ ಸೊಪ್ಪು ಕೊಡಿ. ಯಾರನ್ನೂ ಒಳಗೆ ಬಿಡ್ಬೇಡಿ. ಕೂತ್ಕೋಬೇಡಿ. ಕೂತ್ರೆ ಮಲಗ್ತೀರ."

"ಸಂಜೆವರೆಗೂ ನಿಂತಿರ್ಲಾ?"

"ನಿಂತ್ರೂ ಮಲಗ್ತೀರ. ಓಡಾಡ್ತಿರಿ." ಚಪ್ಪಲಿ ಮೆಟ್ಟಿಕೊಂಡು ತಿರುಗಿ ನೋಡಿದಳು. "ಈ ಸಲಾನೂ ಬೆಳೆ ಹೋದ್ರೆ ಕೋದಂಡನ್ನ ಇಲ್ಲೇ ಇಟ್ಕೊಂಡುಬಿಡ್ತೀನಿ. ವರ್ಷಪೂರ್ತಿ."

ಚನ್ನರಾಯಪ್ಪನಿಗೆ ಆ ನಾಲ್ಕು ದಿನ ನೆನಪಾಯಿತು. ಅವನು ಅವತ್ತು ನಿದ್ದೆ ಮಾಡುವುದಿಲ್ಲವೆಂದು ಮನಸ್ಸಿನಲ್ಲೇ ಮೂರು ಸಲ ಹೇಳಿಕೊಂಡ. ಮೂರನೆಯ ಸಲ ಹೇಳುವಾಗ ಆಕಳಿಕೆ ಬಂತು.

ಹತ್ತು ಗಂಟೆಗೆ ಸೊಪ್ಪು ಕೊಟ್ಟ. ಹುಳುಗಳು ಹಿಪ್ಪುನೇರಳೆ ಎಲೆಯ ಮೇಲೆ ಹತ್ತಿ ತಿನ್ನತೊಡಗಿದವು. ಸಾವಿರಾರು ಸಣ್ಣ ಬಾಯಿಗಳು ಒಟ್ಟಿಗೆ ಮೇಯುವ ಆ ಸದ್ದು, ತಗಡಿನ ಮೇಲೆ ತುಂತುರು ಬಿದ್ದ ಹಾಗೆ, ಎಚ್ಚರವಾಗಿರುವವನಿಗೂ ಜೋಗುಳ. ಚನ್ನರಾಯಪ್ಪನಿಗೆ ಹುಳುಗಳ ಮೇಲೆ ಹೊಟ್ಟೆಕಿಚ್ಚಾಯಿತು. ಒಲೆಯ ಪಕ್ಕ ಮುದ್ದೆ, ಬಸ್ಸಾರು ಮುಚ್ಚಿಟ್ಟಿತ್ತು. ಮುಚ್ಚಳ ತೆಗೆದ, ಮುದ್ದೆ ಅವನನ್ನು ನೋಡಿತು, ಅವನು ಮುದ್ದೆಯನ್ನು ನೋಡಿದ, ಕೊಳೆತ ಮೊಟ್ಟೆ ವಾಸನೆಯ ಒಂದು ತೇಗು ಬಂತು. ಮುಚ್ಚಳ ಹಾಕಿದ. ಒಂದೇ ನಿಮಿಷವೆಂದು ಹುಳು ಮನೆಯ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತ.

ಕುರುಡುಮಲೆಯ ಗಣಪತಿ ಎದುರಿಗೆ ಬಂದು ನಿಂತ. ಅಷ್ಟೆತ್ತರದ ಗಣಪತಿ, ಆದರೆ ಮುಖ ಬಾಡಿತ್ತು. ಚನ್ನರಾಯಪ್ಪ ಮೋದಕದ ತಟ್ಟೆ ಮುಂದಿಟ್ಟ. "ಬೇಡಪ್ಪ," ಎಂದ ಗಣಪತಿ, ಹೊಟ್ಟೆ ಸವರಿಕೊಂಡು. "ಶನಿವಾರ ಏರಿಸಿದ್ರು." ಇಬ್ಬರೂ ಪಕ್ಕಪಕ್ಕದಲ್ಲಿ ಕೂತು ಮೋದಕಗಳನ್ನು ಸುಮ್ಮನೆ ನೋಡಿದರು. ಯಾರೂ ಯಾರಿಗೂ ತಿನ್ನು ಎನ್ನಲಿಲ್ಲ. ಎಷ್ಟು ಹಿತವಾಗಿತ್ತು ಆ ಸ್ನೇಹ! ಇಲಿ ಮಾತ್ರ ಅವನ ಭುಜ ಹಿಡಿದು ಅಲ್ಲಾಡಿಸತೊಡಗಿತು.

"ಲೇ ಚನ್ನರಾಯ! ಏಂದಿರಾ ಇದಿ, ಏನೋ ಇದು? ಹಗಲು ಹೊತ್ನಲ್ಲಿ ಬಾಯಿ ಬಿಟ್ಕೊಂಡು ಬಿದ್ದಿದ್ದೀಯ!"

ಪಕ್ಕದ ಮನೆಯ ಮುನಿಗಂಗಮ್ಮ. ಊರಿನಲ್ಲಿ ಯಾರಿಗೆ ಏನಾದರೂ ಅದರ ಕಾರಣ ಆಕೆಗೆ ಗೊತ್ತಿರುತ್ತಿತ್ತು.

"ಇಂಜೆಕ್ಷನ್ ಅಕ್ಕ. ಸುಸ್ತಾಗತ್ತೆ," ಎಂದ ಚನ್ನರಾಯಪ್ಪ ಬಾಯಿ ಒರೆಸಿಕೊಂಡು.

"ಇಂಜೆಕ್ಷನ್ನಂತೆ! ಏಳು ಕಿಲೋ ಯಾರಾದ್ರೂ ಸುಮ್ನೆ ಕಳ್ಕೋತಾರೇನೋ? ಕಣ್ಣು ಬಿದ್ದಿದೆ ನಿನ್ಮೇಲೆ. ಕೂತಿರು, ಬಂದೆ."

ಆಕೆ ಏನು ತರಲು ಹೋದಳೆಂದು ಅವನಿಗೆ ಹೊಳೆಯುವಷ್ಟರಲ್ಲಿ ರೆಪ್ಪೆ ಮತ್ತೆ ಇಳಿದಿತ್ತು. ಹೊಳೆದಾಗ ಕಣ್ಣು ಉರಿಯುತ್ತಿತ್ತು. ಕೆಂಡದ ಬಾಂಡ್ಲಿಯಲ್ಲಿ ಒಣಮೆಣಸಿನಕಾಯಿ, ಉಪ್ಪು ಸಿಡಿಯುತ್ತಿದ್ದವು. ಮುನಿಗಂಗಮ್ಮ ಅದನ್ನು ಅವನ ತಲೆಯ ಸುತ್ತ ತಿರುಗಿಸುತ್ತಿದ್ದಳು. ಘಾಟು ನೇರವಾಗಿ ಹುಳು ಮನೆಯ ಕಿಟಕಿಯತ್ತ ಹೊರಟಿತ್ತು.

"ಅಯ್ಯೋ ಹೊಗೆ ಬೇಡ ಅಕ್ಕ! ಹುಳ ಸಾಯ್ತಾವೆ!"

ಬಾಗಿಲಲ್ಲಿ ಕಾಲು ಅದ್ದಲೆಂದು ಇಟ್ಟಿದ್ದ ಬ್ಲೀಚಿಂಗ್ ನೀರಿನ ಟ್ರೇ ಎತ್ತಿ ಕೆಂಡದ ಮೇಲೆ ಸುರಿದ. ಹೊಗೆ ಎರಡರಷ್ಟಾಯಿತು, ಅದಕ್ಕೆ ಆಸ್ಪತ್ರೆಯ ವಾಸನೆಯೂ ಸೇರಿತು. ಒಂದು ಕೈಯಲ್ಲಿ ಪಂಚೆ, ಇನ್ನೊಂದು ಕೈಯಲ್ಲಿ ಬಾಂಡ್ಲಿ ಹಿಡಿದು ಬೀದಿಯವರೆಗೆ ಓಡಿ ಚರಂಡಿಗೆ ಎಸೆದು ಬಂದ. ಹಿಂದಿನಿಂದ ಮುನಿಗಂಗಮ್ಮ ಕೆಮ್ಮುತ್ತಾ ಸಂತೋಷದಿಂದ ಕೂಗಿದಳು: "ನೋಡ್ದಾ, ಹೆಂಗೆ ಓಡ್ದೆ! ದೃಷ್ಟಿ ಹೋಯ್ತು!"

ಏದುಸಿರು ಬಿಡುತ್ತಾ ಅವನು ಕಿಟಕಿಯ ಪರದೆ ಇಳಿಸುತ್ತಿದ್ದಾಗ ನಜೀರ್ ಅಹಮದ್ ಸ್ಕೂಟರು ನಿಲ್ಲಿಸಿದ. ಹುಳು ಮನೆಯ ಜಾಲರಿ ಬಾಗಿಲು ರಿಪೇರಿಗೆ ಬರಬೇಕಾಗಿದ್ದ ಮುಳಬಾಗಿಲಿನ ಬಡಗಿ. ಅವನಿಗಿಂತ ಮುಂಚೆ ಅವನ ಅತ್ತರು ಬಂತು.

"ನಜೀರ್ ಭಾಯ್, ಅಲ್ಲೇ ನಿಂತ್ಕೊಳ್ಳಿ! ಆ ವಾಸನೆ ಹುಳಕ್ಕೆ ಆಗ್ಬರಲ್ಲ!"

ನಜೀರ್ ಇಪ್ಪತ್ತು ಹೆಜ್ಜೆ ದೂರದ ಹುಣಸೆ ಮರದ ಕೆಳಗೆ ನಿಂತುಕೊಂಡ. "ಏನ್ಮಾಡೋದು ಅಣ್ಣ, ನಿನ್ನೆ ನಮ್ಮ ಮಗಳು ಅಲ್ಫಿಯಾ ನಿಶ್ಚಿತಾರ್ಥ ಆಯ್ತು. ಮೂರು ಸಲ ಸ್ನಾನ ಮಾಡಿದ್ರೂ ಹೋಗಿಲ್ಲ," ಎಂದು ಅಲ್ಲಿಂದಲೇ ಕೂಗಿದ. "ನಿಮ್ಗೇನು, ಕಣ್ಣೆಲ್ಲ ಕೆಂಪಾಗಿದೆ?"

ಚನ್ನರಾಯಪ್ಪ ಇಂಜೆಕ್ಷನ್ನಿನ ಕತೆಯನ್ನು ಊರಿಗೆಲ್ಲ ಕೇಳುವಂತೆ ಕೂಗಿ ಹೇಳಬೇಕಾಯಿತು.

"ಅರೆ, ನಮ್ಮ ಮನೆಯವಳು ಪರ್ವೀನ್‌ಗೂ ಅದೇ ಅಣ್ಣ! ನಿನ್ನೆ ಬೀಗಿತ್ತಿ ಹೆಗಲ ಮೇಲೆ ತಲೆ ಇಟ್ಟು ಮಲಗಿಬಿಟ್ಳು. ಅವರು ಎಷ್ಟು ಪ್ರೀತಿ ಅಂತ ಕಣ್ಣೀರು ಹಾಕ್ಕೊಂಡ್ರು. ನಾನೂ ಸುಮ್ಮನಾದೆ." ನಜೀರ್ ಒಳ್ಳೆಯವನು, ಅಲ್ಲೇ ನಿಂತು ಡಾಕ್ಟರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ.

"ಡೋಸ್ ಏರ್ಸಿದಾಗ ಎರಡು ದಿನ ಹೀಗಾಗತ್ತೆ," ಎಂದಿತು ಹುಣಸೆ ಮರ. "ನೀರು ಚೆನ್ನಾಗಿ ಕುಡೀರಿ, ಸ್ವಲ್ಪ ಸ್ವಲ್ಪ ತಿನ್ನಿ. ಸಂಜೆ ಹೊತ್ತಿಗೆ ನಿದ್ದೆ ಬಿಟ್ಟುಹೋಗ್ಬೇಕು. ಹೋಗ್ಲಿಲ್ಲ ಅಂದ್ರೆ ನಾಳೆ ಬನ್ನಿ, ನೋಡೋಣ."

ಸಂಜೆಗೆ ಇನ್ನು ನಾಲ್ಕೇ ಗಂಟೆ. ಬಾಗಿಲ ಕೆಲಸವನ್ನು ಇನ್ನೊಂದು ದಿನಕ್ಕಿಟ್ಟು ನಜೀರ್ ಹೊರಟುಹೋದ. ಚನ್ನರಾಯಪ್ಪ ಒಂದು ಚೊಂಬು ನೀರು ಕುಡಿದು, ಅರ್ಧ ಬಿಸ್ಕತ್ತು ತಿಂದು, ಮುಖಕ್ಕೆ ನೀರು ಚಿಮುಕಿಸಿಕೊಂಡು, ಹುಳು ಮನೆಯೊಳಗೆ ಅತ್ತಿಂದಿತ್ತ ಓಡಾಡತೊಡಗಿದ. ತುಂತುರು ಸದ್ದು ಅವನ ಜೊತೆಯಲ್ಲೇ ಓಡಾಡಿತು. ಒಮ್ಮೆ ರ‍್ಯಾಕಿನ ಕಂಬಕ್ಕೆ ಒರಗಿದ. ಹೆಂಡತಿ ಹೇಳಿದ್ದು ನಿಜವಾಯಿತು, ನಿಂತೇ ಮಲಗಿದ.

ಅವನನ್ನು ಎಬ್ಬಿಸಿದ್ದು ಸದ್ದಲ್ಲ, ಮೌನ. ತುಂತುರು ನಿಂತಿತ್ತು.

ಕಣ್ಣುಜ್ಜಿಕೊಂಡು ನೋಡಿದ. ಸೊಪ್ಪು ಹಾಗೇ ಬಿದ್ದಿತ್ತು. ಹುಳುಗಳೆಲ್ಲ ತಲೆಯೆತ್ತಿ ಗಾಳಿಯಲ್ಲಿ ಏನನ್ನೋ ಹುಡುಕುತ್ತಿದ್ದವು. ಮೈ ಬೆಳಕಿಗೆ ಹಿಡಿದ ದ್ರಾಕ್ಷಿಯಂತೆ ಹೊಳೆಯುತ್ತಿತ್ತು. ನನ್ನ ಕಾಯಿಲೆ ಇವಕ್ಕೂ ಅಂಟಿತೇ ಎಂದು ಒಂದು ಕ್ಷಣ ಗಾಬರಿಯಾದವನಿಗೆ ಮರುಕ್ಷಣ ಇಪ್ಪತ್ತು ವರ್ಷದ ಅನುಭವ ಕೆನ್ನೆಗೆ ಬಾರಿಸಿತು. ಹುಳು ಹಣ್ಣಾಗಿತ್ತು. ವೆಂಕಟರತ್ನಮ್ಮನ ಲೆಕ್ಕಕ್ಕಿಂತ ಅರ್ಧ ದಿನ ಮುಂಚೆ, ಇಡೀ ಮನೆಗೆ ಮನೆ! ಈಗಲೇ ಒಂದೊಂದನ್ನೂ ಆಯ್ದು ಚಂದ್ರಿಕೆಗಳಿಗೆ, ಎಂದರೆ ಗೂಡು ಕಟ್ಟಿಸುವ ಬಿದಿರಿನ ತಟ್ಟಿಗಳಿಗೆ, ಬಿಡಬೇಕು. ಬಿಡದಿದ್ದರೆ ಸೊಪ್ಪಿನ ಕಡ್ಡಿಗಳ ಮಧ್ಯೆಯೇ ದಾರ ಸುತ್ತಿಕೊಂಡು ಬೆಳೆಯೆಲ್ಲ ಹಾಳು. ಹತ್ತು ಜನ ಬೇಕಾದ ಕೆಲಸ.

ಹೆಂಡತಿಗೆ ಫೋನ್ ಮಾಡಿದ. ಸೀಮಂತದ ಗದ್ದಲದಲ್ಲಿ ಯಾರು ಎತ್ತುತ್ತಾರೆ? ಬೇಲಿಯ ಬಳಿ ಹೋಗಿ, "ಅಕ್ಕಾ, ಹುಳ ಹಣ್ಣಾಗ್ಬಿಟ್ಟಿದೆ! ಜನ ಕರ್ಕೊಂಡ್ಬಾ!" ಎಂದು ಕೂಗಿದ. ಮುನಿಗಂಗಮ್ಮ ಸೆರಗು ಸಿಕ್ಕಿಸಿಕೊಂಡು ಬೀದಿಗೆ ಓಡಿದಳು.

ಅವನು ಒಬ್ಬನೇ ಶುರುಮಾಡಿದ. ಮೊದಲ ಚಂದ್ರಿಕೆ ತುಂಬಿಸಿದ, ಎರಡನೆಯದು ತುಂಬಿಸಿದ. ಮೂರನೆಯದಕ್ಕೆ ಬಗ್ಗಿದಾಗ ಒಂದರ ಹಿಂದೊಂದು ಆಕಳಿಕೆ ಬಂತು. ಜನ ಬರುವವರೆಗೆ, ಒಂದೇ ಒಂದು ನಿಮಿಷ, ಎಂದು ರ‍್ಯಾಕಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ.

ಅವನು ಹುಳುವಾಗಿದ್ದ. ವೆಂಕಟರತ್ನಮ್ಮ ಸೊಪ್ಪಿನ ಬುಟ್ಟಿ ಹಿಡಿದು "ತಿನ್ರೀ" ಎನ್ನುತ್ತಿದ್ದಳು. ಹಸಿವಿಲ್ಲ ಕಣೇ ಎನ್ನಲು ಬಾಯಿ ತೆರೆದರೆ ಮಾತಿನ ಬದಲು ನವಿರಾದ ದಾರ ಹೊರಟಿತು. ಅದು ಅವನ ಸುತ್ತ ಸುತ್ತಿಕೊಂಡಿತು. ಹೊರಗಿನ ಬೆಳಕು ಮೊದಲು ಹಳದಿಯಾಗಿ, ಆಮೇಲೆ ಹಾಲಿನಂತಾಗಿ ಮಂಕಾಯಿತು. ಗೂಡಿನಾಚೆ ಕೋದಂಡರಾಮಪ್ಪ ನಿಂತು ಬಾಯಿ ಆಡಿಸುತ್ತಿದ್ದ, ಕೈ ತಿರುಗಿಸುತ್ತಿದ್ದ, ಒಂದು ಅಕ್ಷರವೂ ಕೇಳುತ್ತಿರಲಿಲ್ಲ. ಚನ್ನರಾಯಪ್ಪನಿಗೆ ಸುಖದಿಂದ ಅಳು ಬಂತು. ಇಡೀ ಜನ್ಮದಲ್ಲಿ ಅವನಿಗೆ ಅಷ್ಟು ಸುಖ ಸಿಕ್ಕಿರಲಿಲ್ಲ.

"ಅಲ್ಲಾಡ್ಬೇಡ!" ಎಂದಿತು ಒಂದು ಪಿಸುಮಾತು.

ಕಣ್ಣು ತೆರೆದ. ಹುಳು ಮನೆಯ ತುಂಬ ಜನ. ಚಂದ್ರಿಕೆಗಳೆಲ್ಲ ಗೋಡೆಗೆ ಒರಗಿ ತುಂಬಿ ನಿಂತಿದ್ದವು. ರ‍್ಯಾಕು ಖಾಲಿ. ಬೆಳೆ ಉಳಿದಿತ್ತು! ಹಿಗ್ಗಿನಿಂದ ಏಳಲು ಹೊರಟವನ ಹಣೆಗೆ ಮುನಿಗಂಗಮ್ಮ ಒಂದು ಬೆರಳು ಒತ್ತಿದಳು.

"ಅಲ್ಲಾಡ್ಬೇಡ ಅಂದೆ! ನಿನ್ಮೇಲೆ ಗೂಡು ಕಟ್ತಾ ಇದಾವೆ."

ಕಣ್ಣಿನ ಗುಡ್ಡೆಗಳನ್ನಷ್ಟೇ ಕೆಳಗಿಳಿಸಿ ನೋಡಿದ. ಮೂಗಿನ ಕೆಳಗೆ ಮೀಸೆಗೂ ಗಲ್ಲಕ್ಕೂ ನಡುವೆ ಮಂಜಿನಂಥ ದಾರ ಓಡಾಡುತ್ತಿತ್ತು. ಹೆಗಲ ಮೇಲಿನ ಟವೆಲಿನ ಮಡಿಕೆಗಳಲ್ಲಿ ನಾಲ್ಕೈದು, ಜೇಬಿನಲ್ಲಿ ಎರಡು, ಕತ್ತಿನ ಹತ್ತಿರ ತಣ್ಣಗೆ ಇನ್ನೊಂದು. ನಿಶ್ಚಲವಾಗಿ ಕೂತಿದ್ದವನನ್ನು ಹುಳುಗಳು ಚಂದ್ರಿಕೆ ಎಂದುಕೊಂಡಿದ್ದವು.

"ತೆಗ್ದು ಬೇರೆ ಕಡೆ ಬಿಡು ಅಕ್ಕ," ಎಂದ ತುಟಿ ಅಲ್ಲಾಡದಂತೆ.

"ಮನುಷ್ಯನ ಮೇಲೆ ರೇಷ್ಮೆ ಗೂಡು ಕಟ್ಟೋದು ಅಂದ್ರೆ ಸಾಮಾನ್ಯಾನಾ? ಲಕ್ಷ್ಮಿ ಕೂತಿದಾಳೆ ನಿನ್ಮೇಲೆ. ಎಬ್ಬಿಸಿದ್ರೆ ಊರಿಗೇ ಒಳ್ಳೇದಾಗಲ್ಲ."

ಇಂಥದ್ದೊಂದು ನಂಬಿಕೆ ಇದೆಯೆಂದು ಅಲ್ಲಿದ್ದ ಯಾರೂ ಅವತ್ತಿನವರೆಗೆ ಕೇಳಿರಲಿಲ್ಲ. ಆದರೆ ಕೇಳಿದ ಮೇಲೆ, ಇಲ್ಲ ಎನ್ನುವ ಧೈರ್ಯ ಒಬ್ಬರಿಗೂ ಬರಲಿಲ್ಲ. ಅಷ್ಟೇ ಅಲ್ಲ, ಚಂದ್ರಿಕೆಗಳು ಮುಗಿದು ಬುಟ್ಟಿಯಲ್ಲಿ ಎರಡು ಹಿಡಿ ಹುಳು ಉಳಿದಿತ್ತು. ಮುನಿಗಂಗಮ್ಮ ಚನ್ನರಾಯಪ್ಪನನ್ನು ಮೇಲಿಂದ ಕೆಳಗೆ ಅಳೆದಳು. "ತೋಳ ಮೇಲೆ ಜಾಗ ಇದೆ. ಮೊದ್ಲಿನಷ್ಟು ದಪ್ಪ ಇದ್ದಿದ್ರೆ ಪೂರ್ತಿ ಹಿಡಿಸ್ತಿತ್ತು," ಎಂದು ನಿಟ್ಟುಸಿರುಬಿಟ್ಟು ಒಂದೊಂದೇ ಹುಳುವನ್ನು ಜೋಡಿಸತೊಡಗಿದಳು. ದಾರ ಸುತ್ತುವ ಮೊದಲು ಹುಳು ಉಚ್ಚೆ ಹೊಯ್ಯುತ್ತದೆ. ಆ ವಿಷಯ ಚನ್ನರಾಯಪ್ಪನಿಗೆ ಗೊತ್ತಿತ್ತು. ಮೈಮೇಲೆ ಗೊತ್ತಾದದ್ದು ಈಗಲೇ.

ಸಂಜೆಯ ಬಸ್ಸಿಗೆ ವೆಂಕಟರತ್ನಮ್ಮ ಬಂದಳು. ಚಂದ್ರಿಕೆಗಳನ್ನು ಒಂದೊಂದಾಗಿ ನೋಡಿದಳು. ಕೊನೆಗೆ ಗಂಡನ ಮುಂದೆ ಕುಕ್ಕುರುಗಾಲಲ್ಲಿ ಕೂತು ಅವನನ್ನೂ ಹಾಗೇ ಸಾವಧಾನವಾಗಿ ನೋಡಿದಳು. ಕಣ್ಣು ತುಂಬಿ ಬಂದಿತ್ತು.

"ಒಂದು ಹುಳಾನೂ ಹಾಳಾಗಿಲ್ಲ ಕಣ್ರೀ. ನಾನು ಏನೇನೋ ಅಂದ್ಬಿಟ್ಟೆ ಬೆಳಿಗ್ಗೆ."

ಚನ್ನರಾಯಪ್ಪನ ಎದೆ ಉಬ್ಬಿತು. ಗೂಡುಗಳ ನೆನಪಾಗಿ ಮತ್ತೆ ಇಳಿಸಿಕೊಂಡ. ಡಾಕ್ಟರು ಹೇಳಿದಂತೆ ನಿದ್ದೆ ಪೂರ್ತಿ ಬಿಟ್ಟುಹೋಗಿತ್ತು. ತಲೆ ತಿಳಿನೀರಿನಂತಿತ್ತು. ಗೆದ್ದಿದ್ದ. ಇನ್ನು ವರ್ಷವಿಡೀ ಕಿವಿಗೆ ನೆಮ್ಮದಿ.

"ಗೂಡು ಗಟ್ಟಿಯಾಗೋಕೆ ಮೂರು ದಿನ ಬೇಕಲ್ಲ, ಅಲ್ಲಿವರೆಗೂ ನೀವು ಅಲ್ಲಾಡೋ ಹಾಗಿಲ್ಲ," ಎಂದಳು ಅವಳು, ಮೀಸೆಗೆ ತಾಗದಂತೆ ಸ್ಟ್ರಾದಲ್ಲಿ ಮಜ್ಜಿಗೆ ಕುಡಿಸುತ್ತಾ. "ಹಸು ನೋಡ್ಕೋಬೇಕು, ತೋಟಕ್ಕೆ ನೀರು ಕಟ್ಬೇಕು, ನಿಮ್ಹತ್ರಾನೂ ಒಬ್ರು ಕೂತಿರ್ಬೇಕು. ನಾನೊಬ್ಳು ಏನ್ಮಾಡ್ಲಿ? ಗಂಗಕ್ಕ ಫೋನ್ ಮಾಡಿ ವಿಷ್ಯ ಹೇಳ್ದಾಗ ಪುಣ್ಯಕ್ಕೆ ಅವನೂ ಸೀಮಂತದಲ್ಲೇ ಇದ್ದ. ಜೊತೇಲೇ ಬಂದಿದಾನೆ."

ಬಾಗಿಲಲ್ಲಿ ಕಾಲು ತೊಳೆಯುವ ಸದ್ದಾಯಿತು. ಚನ್ನರಾಯಪ್ಪ ಬೇಡವೆಂದು ತಲೆಯಾಡಿಸಲು ಹೊರಟ. ಹೆಂಡತಿ, ಮುನಿಗಂಗಮ್ಮ ಇಬ್ಬರೂ ಒಟ್ಟಿಗೆ ಅವನ ತಲೆ ಹಿಡಿದುಕೊಂಡರು.

ಕೋದಂಡರಾಮಪ್ಪ ಪ್ಲಾಸ್ಟಿಕ್ ಕುರ್ಚಿಯನ್ನು ತಂದು ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಹಾಕಿಕೊಂಡ. ಬಾವನನ್ನು ಅಭಿಮಾನದಿಂದ ನೋಡಿದ.

"ಮಾತಾಡ್ಬೇಡಿ ಬಾವ, ಮೀಸೆ ಹತ್ರ ದಾರ ಕಿತ್ತೋಗತ್ತೆ. ನೀವು ಸುಮ್ನೆ ಕೇಳಿ. ನನಗೂ ಎಷ್ಟೋ ದಿನದಿಂದ ಆಸೆ, ಯಾರಾದ್ರೂ ಮಧ್ಯ ಬಾಯಿ ಹಾಕ್ದೆ ಪೂರ್ತಿ ಕೇಳ್ಲಿ ಅಂತ. ನಾನು ಹುಟ್ಟಿದ್ದು ಒಂದು ಗುರುವಾರ..."

ಚನ್ನರಾಯಪ್ಪ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡು ನಿದ್ದೆಯನ್ನು ಕರೆದ. ಎರಡು ದಿನ ಹಿಡಿದುಕೊಂಡು ಬಿಡದಿದ್ದ ಆ ನಿದ್ದೆ, ಎಷ್ಟು ಬೇಡಿಕೊಂಡರೂ ಬರಲಿಲ್ಲ.